ಮನೆಯಲ್ಲೇ ಮಾಡಿದ ಹಳೇ ವಾಲ್ವ್ ಗಿಟಾರ್ ಆಂಪ್: ಇದು ಯಾವ ಸರ್ಕ್ಯೂಟು, ಎಲ್ಲಿ ಕೈ ಹಾಕಬಹುದು?

ಬೇಳದ ಗಿಟಾರ್

ಎಲ್ಲರಿಗೂ ನಮಸ್ಕಾರ. ನಮ್ಮಜ್ಜನ ತಮ್ಮ ಕುಂಬಳೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ಕೈಯಾರೆ ಮಾಡಿದ ಒಂದು ಸಣ್ಣ ಗಿಟಾರ್ ಆಂಪ್ (ಆಂಪ್ಲಿಫೈಯರ್) ಈಗ ನನ್ನ ಹತ್ತಿರ ಉಂಟು. ರೋಸಿಗೆ (ಮದುವೆಗೆ ಮುಂಚಿನ ಶಾಸ್ತ್ರ), ಮದುವೆಗೆ, ಇಗರ್ಜಿಯ ಹಬ್ಬಕ್ಕೆ ಇದರಲ್ಲೇ ಗಿಟಾರ್ ಬಾರಿಸುತ್ತಿದ್ದರು ಅಂತ ಮನೆಯವರು ಹೇಳುತ್ತಾರೆ. ಸರ್ಕ್ಯೂಟು ಬರೆದಿಟ್ಟ ಕಾಗದ ಸಿಕ್ಕಿಲ್ಲ. ಕೇಳೋಣ ಅಂದರೆ ಅವರೂ ಇಲ್ಲ.

ಪೆಟ್ಟಿಗೆ ಹಲಸಿನ ಹಲಗೆಯದ್ದು. ಹಿಂದುಗಡೆ ತೆರೆದಿದೆ. ಒಳಗೆ ಅಲ್ಯೂಮಿನಿಯಂ ತಗಡಿನ ಚಾಸಿ, ಅಂದರೆ ಎಲ್ಲ ಭಾಗ ಕೂರಿಸಿದ ತಟ್ಟೆ. ಅದರ ಮೇಲೆ ಮೂರು ವಾಲ್ವ್ (ಹಳೇ ರೇಡಿಯೋದಲ್ಲಿ ಇರುವಂಥ ಗಾಜಿನ ಕೊಳವೆ), ಮೂರೂ ಒಂಬತ್ತು ಪಿನ್ನಿನವು. ಟ್ರಾನ್ಸ್‌ಫಾರ್ಮರ್ ಎರಡು, ಒಂದು ದೊಡ್ಡದು, ಒಂದು ಸಣ್ಣದು. ಸಾಕೆಟ್ಟಿನ ತೂತುಗಳನ್ನು ನೋಡಿದರೆ ಅವರ ಕೆಲಸ ಗೊತ್ತಾಗುತ್ತದೆ. ಸುತ್ತಲೂ ಸಣ್ಣ ಸಣ್ಣ ತೂತು ಕೊರೆದು, ನಡುವಿನ ಬಿಲ್ಲೆ ಕಳಚಿ, ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ್ದಾರೆ. ಅರದ ಗೆರೆಗಳು ಈಗಲೂ ಕಾಣುತ್ತವೆ. ಎದುರಿಗೆ ಎರಡು ನಾಬ್, ಕೆಳಗೆ ಮೊಳೆಯಲ್ಲಿ ಕೆರೆದು 'ಶಬ್ದ', 'ಟೋನ್' ಅಂತ ಬರೆದಿದೆ. ಒಂದು ಕಾಲಿಂಚಿನ ಜಾಕ್, ಪಕ್ಕದಲ್ಲಿ 'ಗ್ರಾಮ್' (ಗ್ರಾಮಫೋನ್) ಅಂತ ಗುರುತು ಹಾಕಿದ ಎರಡು ತೂತಿನ ಸಾಕೆಟ್. ಸ್ಪೀಕರಿನ ಕಾಗದವನ್ನು ಜಿರಲೆ ತಿಂದು ಮುಗಿಸಿದೆ. ಕರೆಂಟಿನ ವಯರು ಎರಡು ಪಿನ್ನಿನದ್ದು.

ಇನ್ನೂ ಕರೆಂಟು ಕೊಟ್ಟಿಲ್ಲ. ಇದು ಯಾವುದಾದರೂ ಕಂಪನಿ ಆಂಪಿನ ನಕಲಾ, ಅಥವಾ ಅವರದ್ದೇ ಲೆಕ್ಕವಾ? ಈಗಿನ ಎಲೆಕ್ಟ್ರಿಕ್ ಗಿಟಾರಿಗೆ ಸರಿಹೊಂದುವ ಹಾಗೆ ಮಾಡಬಹುದಾ? ಅವರ ಕೆಲಸ ಹಾಳಾಗಬಾರದು. ಆದರೆ ಬಾರಿಸಲಿಕ್ಕೂ ಬೇಕು.

ಹಳೇ ರೇಡಿಯೋ, ಬದಿಯಡ್ಕ

ಕರೆಂಟು ಕೊಡದೇ ಇದ್ದದ್ದು ಒಳ್ಳೆಯದಾಯ್ತು. ಇನ್ನೂ ಸ್ವಲ್ಪ ದಿನ ಹಾಗೇ ಇರಲಿ. ನಲವತ್ತು ಐವತ್ತು ವರ್ಷ ಸುಮ್ಮನೆ ಕೂತ ಕಂಡೆನ್ಸರಿಗೆ ಒಮ್ಮೆಲೇ 300 ವೋಲ್ಟ್ ಹೋದರೆ ಅದು ಒಡೆಯಬಹುದು, ಅದರ ಜೊತೆಗೆ ಟ್ರಾನ್ಸ್‌ಫಾರ್ಮರೂ ಸುಟ್ಟು ಹೋಗಬಹುದು. ವಾಲ್ವ್ ಈಗಲೂ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಇನ್ನೊಂದು ಸಿಗುವುದಿಲ್ಲ.

ಮೊದಲು ಇಷ್ಟು ನೋಡಿ ಹೇಳಿ. ವಾಲ್ವಿನ ಗಾಜಿನ ಮೇಲೆ ಏನು ಬರೆದಿದೆ? ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ ಎಷ್ಟು ವಯರು ಹೊರಗೆ ಬಂದಿದೆ? ಮೂರೂ ವಾಲ್ವಿನ 4 ಮತ್ತು 5ನೇ ಪಿನ್ನಿಗೆ ಒಂದೇ ಜೋಡಿ ವಯರು ಹೋಗುತ್ತದಾ? ಪಿನ್ ಎಣಿಸುವಾಗ ಸಾಕೆಟ್ಟನ್ನು ಕೆಳಗಿನಿಂದ ನೋಡಿ. ನಡುವೆ ಒಂದು ಕಡೆ ಜಾಸ್ತಿ ಅಂತರ ಉಂಟಲ್ಲ, ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ 1, 2, 3 ಅಂತ ಹೋಗಬೇಕು.

ಜಾಲಹಳ್ಳಿ ನಿವೃತ್ತ

ಒಂದು ಮಾತು ಬೇಗ ಹೇಳಿಬಿಡುತ್ತೇನೆ. ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹಳೇ ವಾಲ್ವಿನ ಮೇಲಿನ ಅಕ್ಷರ ಬೆರಳು ಉಜ್ಜಿದರೂ ಹೋಗುತ್ತದೆ. ಧೂಳನ್ನು ಮೆತ್ತಗಿನ ಬ್ರಶ್ಶಿನಲ್ಲಿ ತೆಗೆಯಿರಿ. ಅಕ್ಷರ ಮಾಸಿದ್ದರೆ ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಷ್ಟೋ ಸಲ ನಂಬರು ಒಂದು ಕ್ಷಣ ಮೂಡುತ್ತದೆ.

ಬೇಳದ ಗಿಟಾರ್

ಹಬೆ ಊದುವ ಉಪಾಯ ಚೆನ್ನಾಗಿ ಕೆಲಸ ಮಾಡಿತು ಸರ್, ಬಹಳ ಉಪಕಾರ.

ಒಂದು ವಾಲ್ವಿನಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಗುರುತು, ಇಎಲ್ 84. ಎರಡನೆಯದು ಗಿಡ್ಡ. ಮೊದಲಿನ ಅಕ್ಷರಗಳು ಹೋಗಿವೆ, ಕೊನೆಗೆ 83 ಅಂತ ಕಂಡಿತು. ಮೂರನೆಯದರಲ್ಲಿ ಏನೂ ಇಲ್ಲ. ಅದರ 1 ಮತ್ತು 7ನೇ ಪಿನ್ನಿಗೆ ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ ಎರಡು ಕೆಂಪು ವಯರು ಬರುತ್ತದೆ. 3ನೇ ಪಿನ್ ಅಲ್ಯೂಮಿನಿಯಂ ಡಬ್ಬದ ಕಂಡೆನ್ಸರಿಗೆ ಹೋಗುತ್ತದೆ. ಡಬ್ಬದ ಮೇಲೆ 32+32, 350 ವೋಲ್ಟ್ ಅಂತಿದೆ. ಇಎಲ್ 84 ಮತ್ತು ಈ ಮೂರನೆಯದರ 4, 5ನೇ ಪಿನ್ನಿಗೆ ಒಂದೇ ಜೋಡಿ ವಯರು. 83 ಅಂತ ಕಂಡ ವಾಲ್ವಿನಲ್ಲಿ ಮಾತ್ರ 4 ಮತ್ತು 5ನ್ನು ಒಟ್ಟಿಗೆ ಕಟ್ಟಿ, ಇನ್ನೊಂದು ವಯರು 9ಕ್ಕೆ ಕೊಟ್ಟಿದ್ದಾರೆ.

ಪೆಟ್ಟಿಗೆಯ ಒಳಗೆ, ಸ್ಪೀಕರಿನ ಪಕ್ಕ, ಒಂದು ಅಂಗಡಿ ಬಿಲ್ಲಿನ ತುಂಡು ಅಂಟಿಸಿದ್ದಾರೆ. ಮಂಗಳೂರಿನದ್ದು. ತಾರೀಕು ಹರಿದಿದೆ. ವಿಳಾಸದಲ್ಲಿ 'ಮೈಸೂರು ರಾಜ್ಯ' ಅಂತ ಅಚ್ಚಾಗಿದೆ.

ಹಳೇ ರೇಡಿಯೋ, ಬದಿಯಡ್ಕ

ಈಗ ದಾರಿ ಸಿಕ್ಕಿತು. ಇಎಲ್ 84 ಸ್ಪೀಕರನ್ನು ಓಡಿಸುವ ಪವರ್ ವಾಲ್ವ್. ಕೊನೆಗೆ 83 ಇದ್ದು, 4-5 ಒಟ್ಟಿಗೆ, 9 ಬೇರೆ ಅಂದರೆ ಅದು ಇಸಿಸಿ 83. ಅಮೇರಿಕದವರು 12ಎಎಕ್ಸ್7 ಅನ್ನುವುದು ಇದನ್ನೇ. ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಸಿಗ್ನಲನ್ನು ದೊಡ್ಡದು ಮಾಡುವ ಎರಡು ಭಾಗ. ಅದರ ಹೀಟರಿಗೆ (ವಾಲ್ವನ್ನು ಕಾಯಿಸುವ ತಂತಿ) ನಡುವೆ ಒಂದು ಟ್ಯಾಪ್ (ಹೊರತಂದ ಕವಲು) ಇರುವುದರಿಂದ 6.3 ವೋಲ್ಟಿಗೆ ಹೀಗೆ ಕಟ್ಟುತ್ತಾರೆ.

ಅಕ್ಷರ ಇಲ್ಲದ್ದು ರೆಕ್ಟಿಫೈಯರ್, ಎಸಿಯನ್ನು ಡಿಸಿ ಮಾಡುವುದು. 1 ಮತ್ತು 7 ಪ್ಲೇಟು, 3 ಕ್ಯಾಥೋಡ್ (ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನ್ ಪ್ಲೇಟಿಗೆ ಸೇರುತ್ತದೆ). ಇಝಡ್ 80 ಇರಬೇಕು, ಇಲ್ಲವೇ ಇಝಡ್ 81. ಎರಡಕ್ಕೂ ಪಿನ್ ಒಂದೇ. 80 ಕೊಡುವುದು 90 ಮಿಲಿ ಆಂಪ್, 81 ಕೊಡುವುದು 150. ನಿಮ್ಮ ಆಂಪ್ ಎಳೆಯುವುದು 55ರ ಹತ್ತಿರ. ಹಾಗಾಗಿ ಯಾವುದಿದ್ದರೂ ಸಾಕು. ಆದರೆ ಮುಂದೆ ವಾಲ್ವ್ ತರುವಾಗ 80ನ್ನೇ ತನ್ನಿ. 81ರ ಹೀಟರಿಗೆ 1 ಆಂಪ್ ಬೇಕು, 80ಕ್ಕೆ 0.6 ಸಾಕು. ಹಳೇ ಟ್ರಾನ್ಸ್‌ಫಾರ್ಮರಿಗೆ ಯಾಕೆ ಸುಮ್ನೆ ಜಾಸ್ತಿ ಭಾರ?

ಜಾಲಹಳ್ಳಿ ನಿವೃತ್ತ

ಕಾಲ ಹೇಳಲಿಕ್ಕೆ ಆ ಬಿಲ್ಲಿನ ತುಂಡು ಒಳ್ಳೆಯ ಸಾಕ್ಷಿ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ, ಅದೇ ದಿನ ನಿಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಹಾಗಾದರೆ ಬಿಲ್ಲು ಈ ಎರಡರ ನಡುವಿನದ್ದು. ಬಿಇಎಲ್ ಶುರುವಾದದ್ದು 1954ರಲ್ಲಿ, ರೇಡಿಯೋ ವಾಲ್ವ್ ಮಾಡಲು ಶುರು ಮಾಡಿದ್ದು 1961ರಲ್ಲಿ. ಆ ಇಎಲ್ 84 ಮೊದಲಿನಿಂದಲೂ ಅಲ್ಲೇ ಇದ್ದದ್ದಾದರೆ ಆಂಪ್ 1961ಕ್ಕಿಂತ ಹಳೆಯದಲ್ಲ.

ಆದರೆ ವಾಲ್ವ್ ಬದಲಾಯಿಸುವ ವಸ್ತು ಅಲ್ವಾ? ಅದೊಂದನ್ನೇ ನಂಬಬೇಡಿ. ರೆಸಿಸ್ಟರ್, ಸಾಕೆಟ್, ಬೆಸುಗೆ ಇವನ್ನು ನೋಡಿ. ಬೆಸುಗೆ ಎಲ್ಲ ಕಡೆ ಒಂದೇ ತರಹ ಮಂಕಾಗಿದ್ದರೆ ಮುಟ್ಟಿಲ್ಲ ಅಂತ ಲೆಕ್ಕ. ಒಂದೆರಡು ಕಡೆ ಮಾತ್ರ ಹೊಳೆದರೆ ಅಲ್ಲಿ ಮತ್ತೆ ಕೈ ಆಡಿದೆ.

ಮಂಜೇಶ್ವರದಿಂದ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರವೂ ಒಂದು ಹಳೇ ವಾಲ್ವ್ ರೇಡಿಯೋ ಉಂಟು. ಹಿಂದೆ ಗ್ರಾಮಫೋನ್ ಸಾಕೆಟ್ ಇದೆ. ಅದಕ್ಕೆ ನೇರವಾಗಿ ಗಿಟಾರ್ ಹಾಕಬಹುದಾ? ವಾಲ್ವ್ ನಂಬರು: ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85.

ಹಳೇ ರೇಡಿಯೋ, ಬದಿಯಡ್ಕ

ಬೇಡ ತಂಗೀ. ದಯವಿಟ್ಟು ಹಾಕಬೇಡಿ. ಇದನ್ನು ಎಲ್ಲರೂ ಓದಬೇಕು ಅಂತ ಸ್ವಲ್ಪ ಉದ್ದ ಬರೆಯುತ್ತೇನೆ.

'ಯು' ಅಂತ ಶುರುವಾಗುವ ವಾಲ್ವುಗಳ ಹೀಟರ್ ಎಲ್ಲವೂ 100 ಮಿಲಿ ಆಂಪಿನವು. ಅವನ್ನು ಒಂದರ ಹಿಂದೆ ಒಂದು ಸೀರೀಸಿನಲ್ಲಿ ಕಟ್ಟುತ್ತಾರೆ. ನಿಮ್ಮ ಸೆಟ್ಟಿನ ಲೆಕ್ಕ ನೋಡಿ. 19, 19, 50, 38, ಒಟ್ಟು 126 ವೋಲ್ಟ್. 230ರಲ್ಲಿ ಉಳಿದ 104 ವೋಲ್ಟ್ ಒಂದು ದಪ್ಪ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅಂದರೆ ಆ ಸೆಟ್ಟಿಗೆ ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಬರುವುದೇ ಇಲ್ಲ. ಗೋಡೆಯ ಪ್ಲಗ್ಗಿನ ಒಂದು ವಯರು ನೇರವಾಗಿ ಚಾಸಿಗೆ ಬರುತ್ತದೆ. ಪ್ಲಗ್ಗನ್ನು ಒಂದು ರೀತಿ ಸಿಕ್ಕಿಸಿದರೆ ಚಾಸಿಯಲ್ಲಿ ನ್ಯೂಟ್ರಲ್, ತಿರುಗಿಸಿ ಸಿಕ್ಕಿಸಿದರೆ ಫೇಸ್. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಚಾಸಿಗೇ ಸೇರುತ್ತವೆ. ಕೈಯಲ್ಲಿ ತಂತಿ, ಕಾಲು ಕಾವಿ ನೆಲದ ಮೇಲೆ, ಮಳೆಗಾಲ ಬೇರೆ. ಜೀವ ಹೋಗುತ್ತದೆ.

ರೇಡಿಯೋ ಮಾಡಿದವರು ಇದಕ್ಕಾಗಿಯೇ ನಾಬನ್ನು ಪ್ಲಾಸ್ಟಿಕ್ಕಿನಲ್ಲಿ, ಹಿಂಬದಿಯನ್ನು ರಟ್ಟಿನಲ್ಲಿ ಮುಚ್ಚಿದ್ದರು. ಅದನ್ನು ರೇಡಿಯೋ ಆಗಿಯೇ ಇಟ್ಟುಕೊಳ್ಳಿ. ಹಳೇ ವಸ್ತು ಹೊಸತಾಗಿ ಕೈಗೆ ಬಂದವರೆಲ್ಲ ಮೊದಲು ನೋಡಬೇಕಾದದ್ದು ಇದೊಂದೇ: ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್ ಉಂಟಾ, ವಾಲ್ವಿನ ಹೆಸರು 'ಇ'ಯಿಂದ ಶುರುವಾ, 'ಯು'ವಿನಿಂದ ಶುರುವಾ.

ಮಂಜೇಶ್ವರದಿಂದ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಹಾಕುವುದಿಲ್ಲ. ತುಂಬಾ ಉಪಕಾರ ಆಯ್ತು ಮಾಷೇ.

ಬೇಳದ ಗಿಟಾರ್

ನನ್ನದರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದು ಖಾತ್ರಿ. ಮೀಟರ್ ಹಿಡಿದು ಪ್ಲಗ್ಗಿನ ಎರಡೂ ಪಿನ್ನಿನಿಂದ ಚಾಸಿಗೆ ನೋಡಿದೆ, ಸಂಪರ್ಕ ಇಲ್ಲ. ಆದರೆ ಸ್ವಿಚ್ಚಿನ ಹತ್ತಿರ ಮೇನ್ಸಿನ ಒಂದು ಕಾಲಿನಿಂದ ಚಾಸಿಗೆ ಒಂದು ಕಾಗದದ ಕಂಡೆನ್ಸರ್ ಕೂಡಿಸಿದ್ದಾರೆ, 0.01 ಅಂತಿದೆ. ಇದು ಯಾಕೆ?

ಹಳೇ ರೇಡಿಯೋ, ಬದಿಯಡ್ಕ

ಹಮ್ (ಗುಂಯ್ ಅನ್ನುವ ಸದ್ದು) ಮತ್ತು ರೇಡಿಯೋ ಕಿರಿಕಿರಿ ಕಡಿಮೆ ಆಗಲಿ ಅಂತ ಆಗ ಎಲ್ಲರೂ ಹಾಕುತ್ತಿದ್ದರು. ಅದು ಶಾರ್ಟ್ ಆದರೆ ಫೇಸ್ ಸೀದಾ ಚಾಸಿಗೆ ಬರುತ್ತದೆ. ಕತ್ತರಿಸಿ ತೆಗೆಯಿರಿ. ಮತ್ತೆ ಹಾಕುವುದೂ ಬೇಡ. ಎರಡು ಪಿನ್ನಿನ ವಯರು ತೆಗೆದು ಮೂರು ಕೋರಿನದ್ದು ಹಾಕಿ. ಹಸಿರು-ಹಳದಿ ವಯರನ್ನು ಚಾಸಿಗೆ ಅದರದ್ದೇ ಬೋಲ್ಟಿನಲ್ಲಿ ಬಿಗಿಯಿರಿ. ಟ್ರಾನ್ಸ್‌ಫಾರ್ಮರಿನ ಬೋಲ್ಟಿಗೆ ಸಿಕ್ಕಿಸಬೇಡಿ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ. ಫೇಸ್ ಮೊದಲು ಫ್ಯೂಸಿಗೆ, ಆಮೇಲೆ ಸ್ವಿಚ್ಚಿಗೆ. 500 ಮಿಲಿ ಆಂಪಿನ ನಿಧಾನದ ಫ್ಯೂಸ್ ಸಾಕು.

ಮನೆಯ ಅರ್ಥಿಂಗನ್ನೂ ನೋಡಿಸಿ. ನಮ್ಮ ಕಡೆ ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಏಪ್ರಿಲ್-ಮೇ ಬಂತೆಂದರೆ ನೆಲ ಒಣಗಿ ಅರ್ಥ್ ಹೆಸರಿಗೆ ಮಾತ್ರ ಇರುತ್ತದೆ. ಮೂರು ಪಿನ್ ಹಾಕಿದ್ದೇನೆ ಅಂತ ನೆಮ್ಮದಿಯಿಂದ ಇರಬೇಡಿ. ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಮೊದಲ ಸಲ ಕರೆಂಟು ಕೊಡುವುದು. 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಎಲ್‌ಇಡಿ ಆಗುವುದಿಲ್ಲ. ರೆಕ್ಟಿಫೈಯರ್ ತೆಗೆದಿಟ್ಟು ಮೊದಲು ಹೀಟರ್ ಮಾತ್ರ ಉರಿಯಲಿ. ಬಲ್ಬು ಮಂಕಾಗಿ ಉರಿದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ. ಪೂರ್ತಿ ಬೆಳಗಿದರೆ ಕೂಡಲೇ ಬಂದ್ ಮಾಡಿ. ಆ 32+32ರ ಡಬ್ಬವನ್ನು ನಂಬಬೇಡಿ. ಚಾಸಿಯ ಮೇಲೆ ಅದು ಕೂತಿರಲಿ, ವಯರು ಮಾತ್ರ ಬಿಡಿಸಿ, ಒಳಗೆ 33 ಮೈಕ್ರೋ (ಮೈಕ್ರೋಫ್ಯಾರಡ್) 450 ವೋಲ್ಟಿನ ಎರಡು ಹೊಸತು ಹಾಕಿ. ಜಾಸ್ತಿ ಹಾಕಿದರೆ ಹಮ್ ಕಡಿಮೆಯಾದೀತು ಅಂತ 220 ಹಾಕುವವರಿದ್ದಾರೆ. ಇಝಡ್ 80ರ ಮೊದಲ ಕಂಡೆನ್ಸರಿಗೆ 50 ಮೈಕ್ರೋ ಮಿತಿ. ಅದನ್ನು ದಾಟಿದರೆ ವಾಲ್ವ್ ಹೋಗುತ್ತದೆ.

ಬಂದ್ ಮಾಡಿದ ಮೇಲೆಯೂ ಕಂಡೆನ್ಸರಿನಲ್ಲಿ ಕರೆಂಟು ನಿಂತಿರುತ್ತದೆ. 100ಕೆ (ಒಂದು ಲಕ್ಷ ಓಮ್), 2 ವ್ಯಾಟಿನ ರೆಸಿಸ್ಟರಿಗೆ ರಬ್ಬರ್ ಹೊದಿಕೆಯ ಕ್ಲಿಪ್ ಕಟ್ಟಿ, ಅದರಿಂದ ಖಾಲಿ ಮಾಡಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಒಂದು ಕೈ ಕಿಸೆಯಲ್ಲಿರಲಿ. ಸ್ಪೀಕರ್ ಇಲ್ಲದೆ ಎಂದಿಗೂ ಚಾಲೂ ಮಾಡಬೇಡಿ. ಸ್ಪೀಕರ್ ಸಿಗುವ ತನಕ 4.7 ಓಮಿನ 10 ವ್ಯಾಟ್ ರೆಸಿಸ್ಟರ್ ಹಾಕಿಟ್ಟರೆ ಸಾಕು.

ಹೊಸದುರ್ಗದವ

ನನಗೆ ಅನ್ನಿಸುವುದು, ಇಷ್ಟೆಲ್ಲ ಹಳೇದು ತೆಗೆಯುವುದಾದರೆ ಇನ್ನೊಂದು ಇಸಿಸಿ 83 ಸೇರಿಸಿ, ಮೂರು ನಾಬಿನ ಟೋನ್ ಹಾಕಿ, ಒಳ್ಳೆ ರಾಕ್ ಆಂಪ್ ಮಾಡಬಹುದಲ್ಲ? ಎರಡೇ ಟ್ರಯೋಡಿನಲ್ಲಿ ಡಿಸ್ಟಾರ್ಶನ್ ಎಲ್ಲಿಂದ ಬರಬೇಕು?

ಬೇಳದ ಗಿಟಾರ್

ಅಣ್ಣ, ಅದಕ್ಕೆ ಮತ್ತೆ ಬರುತ್ತೇನೆ. ಮೊದಲು ಅಳತೆ ಹೇಳಿಬಿಡುತ್ತೇನೆ.

ಮಾಷ್ ಹೇಳಿದ ಹಾಗೇ ಮಾಡಿದೆ. ಹೀಟರ್ ಉರಿಯಿತು. ಆಮೇಲೆ ಬಲ್ಬಿನ ಜೊತೆಗೇ ರೆಕ್ಟಿಫೈಯರ್ ಹಾಕಿದೆ. ಎಲ್ಲ ಸರಿ ಇದೆ ಅಂತ ಕಂಡ ಮೇಲೆ ಬಲ್ಬು ತೆಗೆದು ಅಳೆದೆ. ಆಗ ಗೋಡೆಯಲ್ಲಿ 238 ವೋಲ್ಟ್ ಇತ್ತು.

ಇಎಲ್ 84ರ 7ನೇ ಪಿನ್ (ಪ್ಲೇಟು) 248. 9ನೇ ಪಿನ್ (ಸ್ಕ್ರೀನ್) 240. 3ನೇ ಪಿನ್ (ಕ್ಯಾಥೋಡ್) 10.2, ಅಲ್ಲಿಂದ ಚಾಸಿಗೆ 150 ಓಮಿನ ರೆಸಿಸ್ಟರ್. 2ನೇ ಪಿನ್ನಿನಲ್ಲಿ (ಗ್ರಿಡ್, ಸಿಗ್ನಲ್ ಒಳಗೆ ಬರುವ ಕಡೆ) 4.2, ಪ್ಲಸ್. ಹೀಟರಿನಲ್ಲಿ 6.8. ಕತ್ತಲೆ ಮಾಡಿ ನೋಡಿದಾಗ ಇಎಲ್ 84ರ ಪ್ಲೇಟಿನ ಒಂದು ಮೂಲೆ ಸ್ವಲ್ಪ ಕೆಂಪಾದ ಹಾಗೆ ಕಂಡಿತು. ಕೂಡಲೇ ಬಂದ್ ಮಾಡಿದೆ.

ಹಳೇ ರೇಡಿಯೋ, ಬದಿಯಡ್ಕ

2ನೇ ಪಿನ್ನಿನಲ್ಲಿ ಪ್ಲಸ್ 4.2 ಇರಲೇಬಾರದು. ಅಲ್ಲಿ ಸೊನ್ನೆ ಇರಬೇಕು. ಇಸಿಸಿ 83ರ ಪ್ಲೇಟಿನಿಂದ ಬರುವ ಕಾಗದದ ಕಂಡೆನ್ಸರ್ ಸೋರುತ್ತಿದೆ. ನಮ್ಮ ಕಡಲ ಕಡೆಯ ತೇವಕ್ಕೆ ಕಾಗದದ ಕಂಡೆನ್ಸರ್ ಒಂದೂ ಉಳಿಯುವುದಿಲ್ಲ.

ಲೆಕ್ಕ ಹೀಗೆ. 10.2 ವೋಲ್ಟನ್ನು 150 ಓಮಿನಿಂದ ಭಾಗಿಸಿದರೆ 68 ಮಿಲಿ ಆಂಪ್. ಅದರಲ್ಲಿ ಸ್ಕ್ರೀನಿನದ್ದು ಒಂದು 7 ಬಿಡಿ. ಪ್ಲೇಟಿಗೆ 61 ಉಳಿಯಿತು. ಪ್ಲೇಟ್ ಮತ್ತು ಕ್ಯಾಥೋಡಿನ ನಡುವೆ 238 ವೋಲ್ಟ್. ಗುಣಿಸಿದರೆ ಹದಿನಾಲ್ಕೂವರೆ ವ್ಯಾಟ್. ಇಎಲ್ 84ರ ಪ್ಲೇಟಿನ ಮಿತಿ 12. ಕೆಂಪಾಗದೆ ಇನ್ನೇನಾಗುತ್ತದೆ?

ಆ ಕಂಡೆನ್ಸರ್ ತೆಗೆದು 0.022 ಮೈಕ್ರೋ, 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿ. ಕ್ಯಾಥೋಡಿನ ಕಂಡೆನ್ಸರನ್ನೂ ಹೊಸತು ಮಾಡಿ.

ಜಾಲಹಳ್ಳಿ ನಿವೃತ್ತ

ಮಾಷ್ ಹೇಳಿದ್ದು ಸರಿ. ಇನ್ನೊಂದು ಮಾತು ಸೇರಿಸುತ್ತೇನೆ. ತೆಗೆದ ಒಂದೊಂದು ತುಂಡನ್ನೂ ಬಿಸಾಡದೆ ಡಬ್ಬಿಯಲ್ಲಿ ಹಾಕಿಡಿ, ಎಲ್ಲಿಂದ ತೆಗೆದದ್ದು ಅಂತ ಚೀಟಿ ಕಟ್ಟಿ. ತೆಗೆಯುವ ಮೊದಲು ಫೋಟೋ ತೆಗೆಯಿರಿ. ಒಬ್ಬ ರಿಪೇರಿಯವರು ಯಾವ ಕಂಡೆನ್ಸರ್ ಎಲ್ಲಿ ಹಾಕಿದ್ದರು ಅನ್ನುವುದು ನಾಳೆ ಯಾರಿಗಾದರೂ ಬೇಕಾಗುತ್ತದೆ. ಕಂಪನಿ ಆಂಪಿನ ಸರ್ಕ್ಯೂಟು ಪುಸ್ತಕದಲ್ಲಿ ಸಿಗುತ್ತದೆ. ಇವರದ್ದು ಈ ಚಾಸಿಯಲ್ಲಿ ಮಾತ್ರ ಉಂಟು.

ಬೇಳದ ಗಿಟಾರ್

ಹಾಗೇ ಮಾಡಿದ್ದೇನೆ ಸರ್, ಬಿಸ್ಕೆಟ್ ಡಬ್ಬಿಯಲ್ಲಿ ಚೀಟಿ ಸಮೇತ ಇದೆ.

ಕಂಡೆನ್ಸರ್ ಬದಲಾಯಿಸಿದ ಮೇಲೆ 2ನೇ ಪಿನ್ ಸೊನ್ನೆ, 3ನೇ ಪಿನ್ 7.5, 7ನೇ ಪಿನ್ 262. ನಾನು ಲೆಕ್ಕ ಹಾಕಿದಾಗ ಹನ್ನೊಂದು ಕಾಲು ವ್ಯಾಟ್ ಬಂತು. ಕೆಂಪು ಇಲ್ಲ. ಆದರೆ ರಾತ್ರಿ ಹತ್ತರ ಮೇಲೆ ನಮ್ಮಲ್ಲಿ ವೋಲ್ಟೇಜ್ 250ರ ತನಕ ಏರುತ್ತದೆ. ಆಗ ಮಿತಿ ದಾಟುತ್ತದಲ್ಲ? 150 ಓಮಿನ ಬದಲು 180 ಹಾಕಬೇಕಾ?

ಹಳೇ ರೇಡಿಯೋ, ಬದಿಯಡ್ಕ

180 ಹಾಕಬಹುದು. ಆದರೆ ಹೀಟರಿನಲ್ಲಿ 6.8 ಇದೆ ಅಂದಿರಿ. ನನ್ನ ಕಣ್ಣು ಅಲ್ಲಿಗೇ ಹೋಯಿತು. ರಾತ್ರಿ ಅದು 7 ದಾಟುತ್ತದೆ. ಹೀಟರಿಗೆ ಶೇಕಡಾ 10ಕ್ಕಿಂತ ಜಾಸ್ತಿ ಹೋಗಬಾರದು, ಅಂದರೆ 6.9 ಕೊನೆ. ನಿಮ್ಮ ಟ್ರಾನ್ಸ್‌ಫಾರ್ಮರ್ 220 ವೋಲ್ಟಿಗೆ ಅಂತ ತೆಗೆದ ಟ್ಯಾಪಿನಲ್ಲಿ ಇರಬೇಕು. ಮೇನ್ಸಿನ ಬದಿಯಲ್ಲಿ ಉಪಯೋಗಿಸದೆ ಮಡಚಿ ಕಟ್ಟಿದ ವಯರು ಒಂದು ಉಂಟಾ ನೋಡಿ.

ಬೇಳದ ಗಿಟಾರ್

ಉಂಟು ಮಾಷೇ! ಬಟ್ಟೆಯ ತೋಳು ಹಾಕಿ, ನೂಲು ಸುತ್ತಿ, ಟ್ರಾನ್ಸ್‌ಫಾರ್ಮರಿನ ಕಾಲಿಗೆ ಕಟ್ಟಿಟ್ಟಿದ್ದಾರೆ. ತುದಿಯಲ್ಲಿ ಸಣ್ಣ ರಟ್ಟಿನ ತುಂಡು, ಅದರಲ್ಲಿ ಪೆನ್ಸಿಲಿನಲ್ಲಿ 250. ಅದಕ್ಕೆ ಬದಲಾಯಿಸಿ ಅಳೆದೆ. ಹೀಟರ್ 6.0. ಪ್ಲೇಟು 232. ಕ್ಯಾಥೋಡ್ 6.6. ಲೆಕ್ಕ ಒಂಬತ್ತು ವ್ಯಾಟಿನ ಒಳಗೇ ಬರುತ್ತದೆ. 150 ಓಮಿನ ರೆಸಿಸ್ಟರನ್ನು ಮುಟ್ಟುವ ಅಗತ್ಯವೇ ಬರಲಿಲ್ಲ.

ಇದನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಅವರು ಬೇಕಾದ ದಾರಿ ಇಟ್ಟೇ ಹೋಗಿದ್ದರು.

ಹಳೇ ರೇಡಿಯೋ, ಬದಿಯಡ್ಕ

ಒಳ್ಳೆ ಕೈ ಅವರದ್ದು. ಶಬ್ದ ಒಂಚೂರು ಕಡಿಮೆಯಾಗುತ್ತದೆ, ಕಿವಿಗೆ ಗೊತ್ತಾಗುವಷ್ಟಲ್ಲ. ವಾಲ್ವ್ ಬಾಳಿಕೆ ಬರುತ್ತದೆ.

ಈಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ವಾಲ್ವಿಗೂ ಸ್ಪೀಕರಿಗೂ ನಡುವಿನ ಆ ಸಣ್ಣದು. ಸ್ಪೀಕರ್ ತರುವ ಮೊದಲು ಅದು ಎಷ್ಟು ಓಮಿನದ್ದು ಅಂತ ತಿಳಿಯಬೇಕು. ಆಂಪ್ ಬಂದ್ ಮಾಡಿ, ಕಂಡೆನ್ಸರ್ ಖಾಲಿ ಮಾಡಿ, ಟ್ರಾನ್ಸ್‌ಫಾರ್ಮರಿನ ವಯರು ಬಿಡಿಸಿ. ಬೇರೊಂದು ಸಣ್ಣ 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ಎಸಿ ತಂದು ತೆಳು ತಂತಿಯ, ಜಾಸ್ತಿ ಸುತ್ತಿನ ಸುರುಳಿಗೆ, ಅಂದರೆ ಪ್ಲೇಟಿನ ಕಡೆಗೆ ಕೊಡಿ. ಸ್ಪೀಕರಿನ ಕಡೆ ಎಷ್ಟು ಬರುತ್ತದೆ ಅಳೆಯಿರಿ. ತಿರುಗಾಮುರುಗಾ ಮಾಡಬೇಡಿ. ಸ್ಪೀಕರಿನ ಕಡೆಗೆ 12 ಕೊಟ್ಟರೆ ಆಚೆ 400 ವೋಲ್ಟ್ ಎದ್ದು ನಿಲ್ಲುತ್ತದೆ.

ಬೇಳದ ಗಿಟಾರ್

12.0 ಕೊಟ್ಟಾಗ 0.34 ಬಂತು.

ಹಳೇ ರೇಡಿಯೋ, ಬದಿಯಡ್ಕ

12ನ್ನು 0.34ರಿಂದ ಭಾಗಿಸಿದರೆ 35. 35ರ ವರ್ಗ 1225. ಅದನ್ನು 4 ಓಮಿನಿಂದ ಗುಣಿಸಿದರೆ 4900. ಇಎಲ್ 84ಕ್ಕೆ ಪುಸ್ತಕದಲ್ಲಿ ಹೇಳಿದ್ದು 5200. ಹಾಗಾಗಿ 4 ಓಮಿನ ಸ್ಪೀಕರೇ ಸರಿ. 8 ಓಮಿನದ್ದು ಹಾಕಿದರೆ ವಾಲ್ವಿಗೆ 9800 ಕಾಣುತ್ತದೆ, ಶಕ್ತಿ ಕಡಿಮೆ, ಸ್ವರ ಕಟ್ಟಿದ ಹಾಗೆ. 8 ಓಮಿನ ಎರಡನ್ನು ಪ್ಯಾರಲೆಲ್ ಮಾಡಿದರೂ 4 ಆಗುತ್ತದೆ.

ಸ್ಪೀಕರ್ ಕೊಳ್ಳುವಾಗ ವ್ಯಾಟ್ ನೋಡಿ ಮರುಳಾಗಬೇಡಿ. ಸೆನ್ಸಿಟಿವಿಟಿ ನೋಡಿ, ಅಂದರೆ ಒಂದು ವ್ಯಾಟಿಗೆ ಎಷ್ಟು ಜೋರು ಕೇಳುತ್ತದೆ ಅಂತ. 3 ಡೆಸಿಬೆಲ್ ಜಾಸ್ತಿ ಅಂದರೆ ಆಂಪಿನ ಶಕ್ತಿ ಎರಡು ಪಟ್ಟು ಮಾಡಿದ್ದಕ್ಕೆ ಸಮ. 90ರ ಬದಲು 96 ಡೆಸಿಬೆಲ್ಲಿನ ಸ್ಪೀಕರ್ ಸಿಕ್ಕಿದರೆ ನಿಮ್ಮ 4 ವ್ಯಾಟು 16ರ ಕೆಲಸ ಮಾಡುತ್ತದೆ. ಕಾರಿನ ಸ್ಪೀಕರ್ 4 ಓಮ್ ಇರುತ್ತದೆ, ಸುಲಭವಾಗಿ ಸಿಗುತ್ತದೆ. ಆದರೆ ಗಿಟಾರಿಗೆ ಅದು ಸಪ್ಪೆ.

ಬೇಳದ ಗಿಟಾರ್

ಎಂಟಿಂಚಿನ 4 ಓಮ್ ಗಿಟಾರ್ ಸ್ಪೀಕರ್ ತರಿಸಿ ಹಾಕಿದೆ. ಗಿಟಾರ್ ಮಾತಾಡಿತು! ಆದರೆ ಎರಡು ದೂರು ಉಂಟು. ಸ್ವರ ಮಂಕು, ಕಂಬಳಿ ಹೊದೆಸಿದ ಹಾಗೆ. ಮತ್ತೆ ಒಂದು ಹಮ್.

ಈಗ ಪೂರ್ತಿ ಸರ್ಕ್ಯೂಟು ಬರೆದೆ. ಜಾಕಿನಿಂದ 0.01 ಕಂಡೆನ್ಸರ್, ಅಲ್ಲಿಂದ ಇಸಿಸಿ 83ರ 2ನೇ ಪಿನ್. ಆ ಪಿನ್ನಿನಿಂದ ಚಾಸಿಗೆ 10 ಮೆಗ್ (ಮೆಗಾ ಓಮ್). 3ನೇ ಪಿನ್ ನೇರ ಚಾಸಿಗೆ. 'ಶಬ್ದ' ಎರಡು ಟ್ರಯೋಡಿನ ನಡುವೆ. ಎರಡನೇ ಟ್ರಯೋಡಿನ ಕ್ಯಾಥೋಡಿಗೆ ಸ್ಪೀಕರಿನ ಕಡೆಯಿಂದ 10ಕೆ ಬರುತ್ತದೆ. ಇಎಲ್ 84ರ ಪ್ಲೇಟಿನಿಂದ ಎಚ್‌ಟಿಗೆ (ರೆಕ್ಟಿಫೈಯರಿನಿಂದ ಬರುವ ದೊಡ್ಡ ಡಿಸಿ ವೋಲ್ಟೇಜ್) 0.005ರ ಒಂದು ಕಂಡೆನ್ಸರ್.

ಹಳೇ ರೇಡಿಯೋ, ಬದಿಯಡ್ಕ

ನೀವು ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ಇದು ಯಾರ ನಕಲೂ ಅಲ್ಲ. ಆ ಕಾಲದಲ್ಲಿ ಮನೆಯಲ್ಲಿ ಆಂಪ್ ಕಟ್ಟುವವರು ನೋಡುತ್ತಿದ್ದದ್ದು ಬ್ರಿಟನ್ನಿನ ವಾಲ್ವ್ ಕಂಪನಿ ಮುಲ್ಲಾರ್ಡಿನ 3-3 ಸರ್ಕ್ಯೂಟು, ಅದರಲ್ಲಿ ಮೊದಲ ವಾಲ್ವ್ ಇಎಫ್ 86. ನಿಮ್ಮದರಲ್ಲಿ ಅದಿಲ್ಲ. ಎರಡು ಟ್ರಯೋಡ್, ನಡುವೆ ಒಂದು ವಾಲ್ಯೂಮ್, ಒಂದು ಪವರ್ ವಾಲ್ವ್, ಫೀಡ್‌ಬ್ಯಾಕ್ (ಸ್ಪೀಕರಿನ ಕಡೆಯಿಂದ ಹಿಂದಕ್ಕೆ ಕೊಡುವ ಸಿಗ್ನಲ್) ಎರಡನೇ ಕ್ಯಾಥೋಡಿಗೆ. ಈ ಸಾಲು ಅಮೇರಿಕದ ಗಿಟಾರ್ ಕಂಪನಿ ಫೆಂಡರಿನ 5ಎಫ್1 ಚಾಂಪ್ ಅನ್ನುವ ಆಂಪಿನ ಹಾಗೇ ಉಂಟು. ಆದರೆ ಅದರಲ್ಲಿ 6ವಿ6, ಇದರಲ್ಲಿ ಇಎಲ್ 84. ಅದಕ್ಕೆ ಟೋನ್ ಇಲ್ಲ, ಇದಕ್ಕೆ ಉಂಟು. 10 ಮೆಗ್ ಹಾಕಿ ಕ್ಯಾಥೋಡನ್ನು ಚಾಸಿಗೆ ಕಟ್ಟುವುದು, ಪ್ಲೇಟಿಗೆ 0.005 ಹಾಕುವುದು, ಇವೆರಡೂ ಅಪ್ಪಟ ರೇಡಿಯೋ ಪದ್ಧತಿ. ರೇಡಿಯೋದ ಕೊನೆಯ ಭಾಗವನ್ನು ತೆಗೆದುಕೊಂಡು, ಮುಂದೆ ಒಂದು ಟ್ರಯೋಡ್ ಜಾಸ್ತಿ ಕೂಡಿಸಿ, ಗ್ರಾಮಫೋನಿಗೂ ಗಿಟಾರಿಗೂ ಆಗುವ ಹಾಗೆ ಕಟ್ಟಿದ್ದಾರೆ.

ಮಂಕಿಗೆ ಕಾರಣ ಆ 0.005. ರೇಡಿಯೋದ ಕಿರಿಚುವಿಕೆ ಇಳಿಸಲು ಅದು ಬೇಕು, ಗಿಟಾರಿಗೆ ಬೇಡ. ಬದಲಿಗೆ 0.001 ಹಾಕಿ. ವೋಲ್ಟೇಜ್ ಮಾತ್ರ 1600ರದ್ದೇ ಆಗಬೇಕು, ಪ್ಲೇಟಿನಲ್ಲಿ ಜೋರು ಬಾರಿಸುವಾಗ ಎಚ್‌ಟಿಗಿಂತ ಬಹಳ ಮೇಲೆ ಹಾರುತ್ತದೆ.

ಮೊದಲ ಟ್ರಯೋಡಿಗೆ ಕ್ಯಾಥೋಡ್ ಬಯಾಸ್ ಕೊಡಿ, ಅಂದರೆ ಕ್ಯಾಥೋಡಿಗೆ ಒಂದು ರೆಸಿಸ್ಟರ್. 3ನೇ ಪಿನ್ ಚಾಸಿಯಿಂದ ಬಿಡಿಸಿ 1.5ಕೆ, ಅದಕ್ಕೆ ಅಡ್ಡವಾಗಿ 25 ಮೈಕ್ರೋ. 10 ಮೆಗ್ ಬದಲು 1 ಮೆಗ್. 0.01 ತೆಗೆದು ಅಲ್ಲಿಗೆ 68ಕೆ, ಸಾಕೆಟ್ಟಿನ ಪಿನ್ನಿಗೆ ಒತ್ತಿ. ಈಗಿನ ಗಿಟಾರಿನ ಪಿಕಪ್ ಜೋರಾಗಿ ಬಂದಾಗ 10 ಮೆಗ್ಗಿನ ಪದ್ಧತಿಯಲ್ಲಿ ಸ್ವರ ಉಸಿರು ಕಟ್ಟಿ ನಿಂತು ಮತ್ತೆ ಬರುತ್ತದೆ.

ಉಪ್ಪಳದ ಬೇಸ್

ಹಮ್ ವಿಷಯಕ್ಕೆ ಒಂದು ಸುಲಭ ಪರೀಕ್ಷೆ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಬಾರಿಸಿ. ಅದು 98 ಹರ್ಟ್ಸ್. ಹಮ್ ಹೆಚ್ಚುಕಡಿಮೆ ಅದೇ ಸ್ವರದಲ್ಲಿ ಇದ್ದರೆ 100 ಹರ್ಟ್ಸ್, ಅಂದರೆ ಫಿಲ್ಟರ್ ಕಂಡೆನ್ಸರಿನ ತೊಂದರೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಸ್. ಆಗ ಹೀಟರ್ ವಯರು ಅಥವಾ ಅರ್ಥಿನ ಜಾಗ ನೋಡಬೇಕು.

ಬೇಳದ ಗಿಟಾರ್

ಎಷ್ಟು ಚೆಂದದ ಉಪಾಯ! ಕೆಳಗಿನ ಸ್ಥಾಯಿಯಲ್ಲೇ ಉಂಟು, 50.

ಉಪ್ಪಳದ ಬೇಸ್

ಹಾಗಾದರೆ ಹೀಟರಿನ ಎರಡು ವಯರನ್ನು ಬಿಗಿಯಾಗಿ ಹುರಿ ಮಾಡಿ, ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ. ಒಂದು ಕಾಲು ಚಾಸಿಗೆ ಕಟ್ಟಿದ್ದರೆ ಬಿಡಿಸಿ. ಎರಡೂ ಕಾಲಿನಿಂದ 100 ಓಮ್, 100 ಓಮ್ ಚಾಸಿಗೆ ಕೊಡಿ. ಜಾಕಿನಿಂದ ವಾಲ್ವಿಗೆ ಹೋಗುವ ವಯರು ಶೀಲ್ಡ್ ಇರಲಿ, ಮೇನ್ಸಿನ ಹತ್ತಿರ ಹಾಯಬಾರದು.

ಹೊಸದುರ್ಗದವ

ನನ್ನ ಪ್ರಶ್ನೆ ಬಾಕಿ ಉಳಿಯಿತಲ್ಲ.

ಬೇಳದ ಗಿಟಾರ್

ಹೌದು ಅಣ್ಣ. ನಾಲ್ಕನೇ ವಾಲ್ವ್ ನಾನು ಹಾಕುವುದಿಲ್ಲ. ಹೀಟರಿಗೆ ಇನ್ನೂ 0.3 ಆಂಪ್ ಬೇಕು, ಟ್ರಾನ್ಸ್‌ಫಾರ್ಮರ್ ಅದನ್ನು ಹೊರುತ್ತದೋ ಇಲ್ಲವೋ. ಅದಕ್ಕಿಂತ ದೊಡ್ಡ ಮಾತು, ಆ ಚಾಸಿಯಲ್ಲಿ ಹೊಸ ತೂತು ಕೊರೆಯಲಿಕ್ಕೆ ನನಗೆ ಮನಸ್ಸಿಲ್ಲ. ರೆಸಿಸ್ಟರ್ ವಾಪಸ್ ಹಾಕಬಹುದು. ತೂತು ಮುಚ್ಚಲು ಆಗುವುದಿಲ್ಲ.

ಹಳೇ ರೇಡಿಯೋ, ಬದಿಯಡ್ಕ

ಮೂರು ನಾಬಿನ ಟೋನ್ ಕೂಡ ಬೇಡ. ಅದು ಸಿಗ್ನಲನ್ನು ಹತ್ತನೇ ಒಂದು ಪಾಲಿಗೆ ಇಳಿಸುತ್ತದೆ. ಎರಡೇ ಟ್ರಯೋಡ್ ಇರುವಾಗ ಆಮೇಲೆ ಇಎಲ್ 84ನ್ನು ತುಂಬಿಸಲು ಏನೂ ಉಳಿಯುವುದಿಲ್ಲ.

ಒರಟು ಸ್ವರ ಬೇಕಿದ್ದರೆ ಫೀಡ್‌ಬ್ಯಾಕಿನ ಆ 10ಕೆಗೆ ಒಂದು ಸ್ವಿಚ್ ಹಾಕಿ. ಕೂಡಿಸಿದಾಗ ಶುದ್ಧ, ಬಿಡಿಸಿದಾಗ ಜೋರು ಮತ್ತು ಬಿರುಸು. ಇಷ್ಟು ಸಾಲದಿದ್ದರೆ ಮುಂದೆ ಒಂದು ಓವರ್‌ಡ್ರೈವ್ ಪೆಡಲ್ ಇಡಿ.

ಹೊಸದುರ್ಗದವ

ಮಾತು ಒಪ್ಪಿದೆ. ತೂತಿನ ವಿಷಯ ನಾನು ಯೋಚಿಸಿರಲಿಲ್ಲ. ಹಾಗಾದರೆ ಫೀಡ್‌ಬ್ಯಾಕ್ ಸ್ವಿಚ್ ಎಲ್ಲಿ ಕೂರಿಸುತ್ತೀರಿ?

ಬೇಳದ ಗಿಟಾರ್

'ಗ್ರಾಮ್' ಸಾಕೆಟ್ ಕಳಚಿ ಡಬ್ಬಿಗೆ ಹಾಕಿದೆ. ಅದರ ತೂತಿಗೇ ಸ್ವಿಚ್ ಕೂತಿತು.

ಎಲ್ಲ ಮಾಡಿ ಆಯ್ತು. ಹಮ್ ಈಗ ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳುತ್ತದೆ. ಮಂಕು ಹೋಯಿತು. 'ಶಬ್ದ' ಅರ್ಧದ ತನಕ ಸ್ವಚ್ಛ, ಕೊಂಕಣಿ ಹಾಡಿನ ಕಾರ್ಡು ಹಿಡಿದರೆ ಒಂದೊಂದು ತಂತಿಯೂ ಬೇರೆ ಬೇರೆ ಕೇಳುತ್ತದೆ. ಮುಕ್ಕಾಲು ದಾಟಿದ ಮೇಲೆ ಬೆರಳು ಒತ್ತಿದಷ್ಟು ಒರಟು, ಮೆಲ್ಲಗೆ ಮುಟ್ಟಿದರೆ ಮತ್ತೆ ಶುದ್ಧ. ಸ್ವಿಚ್ ಬಿಡಿಸಿದರೆ ಈ ಒರಟು ಅರ್ಧದಲ್ಲೇ ಶುರುವಾಗುತ್ತದೆ. ನನಗೆ ಇದಕ್ಕಿಂತ ಜಾಸ್ತಿ ಬೇಡ.

ಮೊದಲಿನ ಸರ್ಕ್ಯೂಟು ಮತ್ತು ಈಗಿನದ್ದು, ಎರಡನ್ನೂ ಬರೆದು ಫೋಟೋ ಹಾಕಿದ್ದೇನೆ. ಬದಲಾದ ಕಡೆ ಕೆಂಪು ಶಾಯಿ. ಒಂದು ಪ್ರತಿ ಪೆಟ್ಟಿಗೆಯ ಒಳಗೂ ಅಂಟಿಸಿದ್ದೇನೆ.

ಮಂಜೇಶ್ವರದಿಂದ

ನನಗೂ ಇಂಥದ್ದೊಂದು ಹೊಸತಾಗಿ ಕಟ್ಟುವ ಆಸೆ ಬಂತು. ಇಎಲ್ 84 ಈಗಲೂ ಸಿಗುತ್ತದಾ?

ಜಾಲಹಳ್ಳಿ ನಿವೃತ್ತ

ಸಿಗುತ್ತದೆ. ಸ್ಲೊವಾಕಿಯಾದ ಜೆಜೆಯವರು ಈಗಲೂ ಮಾಡುತ್ತಾರೆ, ರಷ್ಯಾದಲ್ಲೂ ಮಾಡುತ್ತಾರೆ. ರಷ್ಯಾದ ಹಳೇ ದಾಸ್ತಾನಿನ 6ಪಿ14ಪಿ ಕೂಡ ಅದೇ ಸಾಕೆಟ್ಟಿಗೆ ಹೊಂದುತ್ತದೆ. ಬಿಇಎಲ್‌ನದ್ದು ಬೇಕಿದ್ದರೆ ಹಳೇ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ತೆಗೆದುಕೊಳ್ಳುವಾಗ ಗಾಜಿನ ತುದಿ ನೋಡಿ. ಒಳಗೆ ಬೆಳ್ಳಿ ಬಣ್ಣ ಇದ್ದರೆ ಆಗಬಹುದು. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಪುಕ್ಕಟೆ ಕೊಟ್ಟರೂ ಬೇಡ.

ಹಳೇ ರೇಡಿಯೋ, ಬದಿಯಡ್ಕ

ಹೊಸತಾಗಿ ಕಟ್ಟುವುದಾದರೆ ಮೊದಲು ಟ್ರಾನ್ಸ್‌ಫಾರ್ಮರ್ ಸುತ್ತಿಸಿ ತಂಗೀ, ಮತ್ತೆ ಉಳಿದದ್ದು. ಪವರಿನದ್ದು 250-0-250, 80 ಮಿಲಿ ಆಂಪ್. ಹೀಟರ್ 6.3, 2 ಆಂಪ್. ಮೇನ್ಸಿಗೆ 230 ಮತ್ತು 250, ಎರಡೂ ಟ್ಯಾಪ್ ಬೇಕು ಅಂತ ಸುತ್ತುವವರಿಗೆ ಖಂಡಿತ ಹೇಳಿ. ಔಟ್‌ಪುಟ್ಟಿನದ್ದು 5ಕೆಯಿಂದ 4 ಓಮ್, ಕಬ್ಬಿಣದ ನಡುವೆ ಗ್ಯಾಪ್ ಇಟ್ಟದ್ದು. ಅದು ತಯಾರಾದ ಮೇಲೆ ಇಲ್ಲಿ ಬರೆಯಿರಿ, ಚಾಸಿಯ ಮೇಲೆ ಯಾವುದನ್ನು ಎಲ್ಲಿ ಇಡಬೇಕು ಅಂತ ನೋಡೋಣ.